ಹಗುರ ಕಾರನ್ನು ನಿಲ್ಲಿಸುವ ಲೆಕ್ಕ

ಬ್ರಿಟನ್ನಿನಲ್ಲಿ 1950ರ ದಶಕದಲ್ಲಿ ಹೊಸ ಕಾರು ಕೊಂಡವರು ಬೆಲೆಯ ಜೊತೆಗೆ ದೊಡ್ಡ ಮೊತ್ತದ ಖರೀದಿ ತೆರಿಗೆಯನ್ನೂ ಕಟ್ಟಬೇಕಿತ್ತು. ಅದೇ ಕಾರನ್ನು ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಆ ತೆರಿಗೆ ಇರಲಿಲ್ಲ. ಕಾಲಿನ್ ಚಾಪ್‌ಮನ್ ಅವರ ಲೋಟಸ್ ಕಂಪನಿ 1957ರಲ್ಲಿ ತಂದ ‘ಸೆವೆನ್’ ಎಂಬ ಪುಟ್ಟ ಸ್ಪೋರ್ಟ್ಸ್ ಕಾರು ಬೆಳೆದದ್ದು ಈ ಅವಕಾಶವನ್ನು ಬಳಸಿಕೊಂಡೇ. ಕಿಟ್ ಜೊತೆ ಜೋಡಿಸುವ ಕೈಪಿಡಿ ಕೊಡುವಂತಿಲ್ಲ ಎಂಬ ನಿಯಮವಿದ್ದದ್ದರಿಂದ ಕಂಪನಿಯವರು ಬಿಚ್ಚುವ ಕೈಪಿಡಿ ಕೊಟ್ಟು, ಕೊನೆಯಿಂದ ಮೊದಲಿಗೆ ಓದಿಕೊಳ್ಳಿ ಎಂದರು ಅನ್ನುವ ಕಥೆ ಇವತ್ತಿಗೂ ಚಾಲ್ತಿಯಲ್ಲಿದೆ. 1973ರಲ್ಲಿ ವ್ಯಾಟ್ ಬಂದು ಆ ಅನುಕೂಲ ತಪ್ಪಿತು. ಕಾರು ಕಟ್ಟುವ ಹುಚ್ಚು ಮಾತ್ರ ಇಳಿಯಲಿಲ್ಲ. ಅದೇ ವರ್ಷ ಸೆವೆನ್ ತಯಾರಿಕೆಯ ಹಕ್ಕು ಕೇಟರ್‌ಹ್ಯಾಮ್ ಕಂಪನಿಯ ಪಾಲಾಯಿತು. ಕಿಟ್ ರೂಪದಲ್ಲಿ ಅದು ಈಗಲೂ ಸಿಗುತ್ತದೆ.

ಅಟ್ಲಾಂಟಿಕ್ಕಿನ ಆಚೆ ಇದೇ ಹುಚ್ಚಿಗೆ ಬೇರೆ ಮುಖ. 1962ರಲ್ಲಿ ಕ್ಯಾರಲ್ ಶೆಲ್ಬಿ ಇಂಗ್ಲೆಂಡಿನ ಎ.ಸಿ. ಏಸ್ ಎಂಬ ಹಗುರ ಕಾರಿನೊಳಗೆ ಫೋರ್ಡ್ ವಿ-8 ಎಂಜಿನ್ ಕೂರಿಸಿ ‘ಕೋಬ್ರಾ’ ಮಾಡಿದರು. ಅಸಲಿ ಕೋಬ್ರಾಗಳು ತಯಾರಾದದ್ದು ಸುಮಾರು ಒಂದು ಸಾವಿರ. ಇವತ್ತು ಅವುಗಳ ಬೆಲೆ ಸಾಮಾನ್ಯರು ಕೇಳುವಂಥದ್ದಲ್ಲ. ಹಾಗಾಗಿ ಅದರ ಪ್ರತಿರೂಪವನ್ನು ಮನೆಯ ಗ್ಯಾರೇಜಿನಲ್ಲೇ ಕಟ್ಟಿಕೊಳ್ಳುವ ಕಿಟ್‌ಗಳು ಬಂದವು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1995ರಲ್ಲಿ ಶುರುವಾದ ಫ್ಯಾಕ್ಟರಿ ಫೈವ್ ರೇಸಿಂಗ್ ಈ ವ್ಯವಹಾರದ ದೊಡ್ಡ ಹೆಸರು. ಕೊಳವೆಗಳಿಂದ ಬೆಸೆದ ಚಾಸಿ, ಫೈಬರ್ ಬಾಡಿ ಅವರು ಕೊಡುತ್ತಾರೆ. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಬ್ರೇಕ್ ಎಲ್ಲವೂ ಬಹಳ ಕಾಲ ಬರುತ್ತಿದ್ದದ್ದು ಒಂದು ಹಳೆಯ ಫೋರ್ಡ್ ಮಸ್ಟಾಂಗಿನಿಂದ, ಅದರಲ್ಲೂ 1987ರಿಂದ 1993ರವರೆಗಿನ ಮಾದರಿಗಳಿಂದ. ಹೀಗೆ ಅಂಗಾಂಗ ಕೊಡುವ ಕಾರನ್ನು ಕಟ್ಟುವವರು ಡೋನರ್ ಎನ್ನುತ್ತಾರೆ.

ಕಿಟ್ ಕಟ್ಟಿ ಒಂದೆರಡು ಬೇಸಿಗೆ ಓಡಿಸಿದ ಮೇಲೆ ಬಹುತೇಕರ ಕಣ್ಣು ಬೀಳುವುದು ಬ್ರೇಕಿನ ಮೇಲೆ. ಚಕ್ರದ ಕಡ್ಡಿಗಳ ಸಂದಿಯಲ್ಲಿ ಕಾಣುವ ಚಿಕ್ಕ ಡಿಸ್ಕ್, ಅದನ್ನು ಅಮುಕಿ ಹಿಡಿಯುವ, ತುಕ್ಕು ಹಿಡಿದ ಒಂಟಿ ಪಿಸ್ಟನ್ನಿನ ಕ್ಯಾಲಿಪರ್ ಆ ಕಾರಿನ ಅಂದಕ್ಕೆ ಹೊಂದುವುದಿಲ್ಲ. ಕೆಂಪು ಬಣ್ಣದ ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್, 13 ಇಂಚಿನ ಡಿಸ್ಕ್ ತಂದು ಮುಂದಿನ ಚಕ್ರಗಳಿಗೆ ಹಾಕಿಬಿಡೋಣ ಅನ್ನಿಸುತ್ತದೆ. ಅಲ್ಲೇ ಎಡವುವುದು. ಬ್ರೇಕ್ ಅನ್ನುವುದು ಬಿಡಿಯಾಗಿ ಕೊಳ್ಳಬಹುದಾದ ವಸ್ತುವಲ್ಲ, ಕಾಲಿನಿಂದ ಟೈರಿನವರೆಗೆ ಹಬ್ಬಿದ ಒಂದೇ ಲೆಕ್ಕ. ಒಂದು ಅಂಕಿ ಬದಲಾದರೆ ಉಳಿದ ಎಲ್ಲವೂ ಅಲುಗುತ್ತವೆ. ಮುಂದಿನ ಡಿಸ್ಕನ್ನು ಮಾತ್ರ ದೊಡ್ಡದು ಮಾಡಿದ ಕಿಟ್ ಕಾರು ಮೊದಲಿಗಿಂತ ದೂರ ಹೋಗಿ ನಿಲ್ಲುವ ಸಾಧ್ಯತೆಯೂ ಇದೆ.

ಯಾಕೆ ಅಂತ ನೋಡೋಣ. ಬ್ರೇಕ್ ಒತ್ತಿದಾಗ ಕಾರಿನ ಮೂತಿ ತಗ್ಗುವುದು ಎಲ್ಲರಿಗೂ ಗೊತ್ತು. ಭಾರ ಹಿಂದಿನ ಚಕ್ರಗಳಿಂದ ಮುಂದಿನ ಚಕ್ರಗಳಿಗೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಎನ್ನುವುದನ್ನು, ಬ್ರೇಕ್ ಎಷ್ಟು ಜೋರು ಎಂಬುದರ ಜೊತೆಗೆ, ನಿರ್ಧರಿಸುವುದು ಮೂರು ಸಂಗತಿಗಳು: ಕಾರಿನ ತೂಕ, ಗುರುತ್ವ ಕೇಂದ್ರದ ಎತ್ತರ, ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ. ಡೋನರ್ ಮಸ್ಟಾಂಗನ್ನು ಚಾಲಕನೂ ಸೇರಿ 1500 ಕೆ.ಜಿ. ಎಂದಿಟ್ಟುಕೊಳ್ಳಿ. ಚಕ್ರಗಳ ಅಂತರ ಸುಮಾರು 255 ಸೆಂ.ಮೀ. ನಿಂತಾಗ ನೂರಕ್ಕೆ 57 ಭಾಗ ತೂಕ ಮುಂದೆ. ಗುರುತ್ವ ಕೇಂದ್ರ ನೆಲದಿಂದ 53 ಸೆಂ.ಮೀ. ಎತ್ತರದಲ್ಲಿದೆ ಎಂದಾದರೆ, ಟೈರಿನ ಹಿಡಿತ ಪೂರ್ತಿ ಬಳಸಿ ಜೋರಾಗಿ ಬ್ರೇಕ್ ಹಾಕಿದಾಗ ಸುಮಾರು 310 ಕೆ.ಜಿ.ಯಷ್ಟು ಭಾರ ಮುಂದಕ್ಕೆ ಸರಿಯುತ್ತದೆ. ಆ ಕ್ಷಣದಲ್ಲಿ ನೂರಕ್ಕೆ 78 ಭಾಗ ತೂಕ ಮುಂದಿನ ಟೈರುಗಳ ಮೇಲೆ, 22 ಭಾಗ ಮಾತ್ರ ಹಿಂದೆ. ಫೋರ್ಡಿನ ಎಂಜಿನಿಯರುಗಳು ಮುಂದೆ 10.84 ಇಂಚಿನ ಡಿಸ್ಕ್, ಹಿಂದೆ 9 ಇಂಚಿನ ಡ್ರಮ್ ಇಟ್ಟದ್ದು ಈ ಹಂಚಿಕೆಯ ಕಾರಿಗೆ.

ಅದೇ ಭಾಗಗಳು ಈಗ ಕೋಬ್ರಾ ಪ್ರತಿರೂಪದ ಕೆಳಗೆ ಬಂದಿವೆ. ಚಾಲಕನೂ ಸೇರಿ ತೂಕ 1150 ಕೆ.ಜಿ., ಚಕ್ರಗಳ ಅಂತರ 90 ಇಂಚು ಅಂದರೆ 229 ಸೆಂ.ಮೀ., ಗುರುತ್ವ ಕೇಂದ್ರ 45 ಸೆಂ.ಮೀ.ಗೆ ಇಳಿದಿದೆ, ಎಂಜಿನ್ ಹಿಂದಕ್ಕೆ ಸರಿದಿರುವುದರಿಂದ ನಿಂತಾಗ ಮುಂದೆ ನೂರಕ್ಕೆ 48 ಭಾಗವಷ್ಟೇ ತೂಕ ಅಂದುಕೊಳ್ಳೋಣ. ಜೋರು ಬ್ರೇಕಿನಲ್ಲಿ ಸುಮಾರು 225 ಕೆ.ಜಿ. ಮುಂದಕ್ಕೆ ಸರಿದ ಮೇಲೂ ಮುಂದೆ 68, ಹಿಂದೆ 32. ಈ ಕಾರಿನ ಹಿಂದಿನ ಟೈರುಗಳು ಮಸ್ಟಾಂಗಿನ ಹಿಂದಿನ ಟೈರುಗಳಿಗಿಂತ ಎಷ್ಟೋ ಹೆಚ್ಚು ಪಾಲಿನ ಕೆಲಸ ಮಾಡಬಲ್ಲವು. ಆದರೆ ಬ್ರೇಕ್ ಅವುಗಳನ್ನು ಕೇಳುತ್ತಿಲ್ಲ. ಮುಂದಿನ ಚಕ್ರ ಲಾಕ್ ಆಗುವ ಹೊತ್ತಿಗೆ ಹಿಂದಿನ ಟೈರಿನಲ್ಲಿ ಹಿಡಿತ ಬಳಕೆಯಾಗದೆ ಉಳಿದಿರುತ್ತದೆ.

ಇನ್ನು ಕೆಂಪು ಕ್ಯಾಲಿಪರಿನ ಲೆಕ್ಕ. ಮಸ್ಟಾಂಗಿನ ಒಂಟಿ ಪಿಸ್ಟನ್ 60 ಮಿ.ಮೀ. ವ್ಯಾಸದ್ದು, ವಿಸ್ತೀರ್ಣ 28.3 ಚದರ ಸೆಂ.ಮೀ. ನಾಲ್ಕು ಪಿಸ್ಟನ್ ಅಂದ ಕೂಡಲೇ ನಾಲ್ಕನ್ನೂ ಕೂಡಿಸಿ ಬೀಗುವವರಿದ್ದಾರೆ. ಅದು ತಪ್ಪು. ಡಿಸ್ಕನ್ನು ಎರಡೂ ಬದಿಯಿಂದ ಅಮುಕುವಾಗ ಒಂದು ಬದಿಯ ಪಿಸ್ಟನ್‌ಗಳ ವಿಸ್ತೀರ್ಣವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. 1.75 ಇಂಚಿನ ಎರಡು ಪಿಸ್ಟನ್ ಎಂದರೆ 31 ಚದರ ಸೆಂ.ಮೀ. ಹಿಡಿಯುವ ಬಲ ಹೆಚ್ಚಾದದ್ದು ನೂರಕ್ಕೆ 10ರಷ್ಟೇ. ಡಿಸ್ಕ್ 10.84ರಿಂದ 13 ಇಂಚಿಗೆ ಏರಿದ್ದರಿಂದ ಸನ್ನೆಯ ಉದ್ದ ಸುಮಾರು ನೂರಕ್ಕೆ 20ರಷ್ಟು ಬೆಳೆಯಿತು. ಎರಡೂ ಸೇರಿ, ಕಾಲಿನ ಅದೇ ಒತ್ತಡಕ್ಕೆ ಮುಂದಿನ ಬ್ರೇಕ್ ಮೂರನೇ ಒಂದರಷ್ಟು ಹೆಚ್ಚು ಬಲವಾಯಿತು. ಮೊದಲೇ ಮುಂದಕ್ಕೆ ವಾಲಿದ್ದ ಹಂಚಿಕೆ ಇನ್ನಷ್ಟು ವಾಲಿತು. ಮುಂದಿನ ಟೈರು ಬೇಗ ಜಾರತೊಡಗುತ್ತದೆ. ಚಾಲಕ ಕಾಲು ಸಡಿಲಿಸುತ್ತಾನೆ. ಆಗ ಹಿಂದಿನ ಬ್ರೇಕ್ ಮಾಡುತ್ತಿದ್ದ ಅಲ್ಪ ಕೆಲಸವೂ ಕಡಿಮೆಯಾಗುತ್ತದೆ.

ಹಾಗಾದರೆ ದೊಡ್ಡ ಡಿಸ್ಕಿನಿಂದ ಪ್ರಯೋಜನವೇ ಇಲ್ಲವೇ? ಇದೆ, ಬಿಸಿಯ ವಿಷಯದಲ್ಲಿ. ಮೇಲಿನ 1150 ಕೆ.ಜಿ. ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 444 ಕಿಲೋಜೂಲ್. ಒಂದೂಕಾಲು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಶಾಖ ಸಾಕು. ಅಷ್ಟೂ ಮೂರ್ನಾಲ್ಕು ಸೆಕೆಂಡಿನಲ್ಲಿ ಕಬ್ಬಿಣದೊಳಗೆ ಇಳಿಯಬೇಕು. ಅದರಲ್ಲಿ ನೂರಕ್ಕೆ 70 ಭಾಗ ಮುಂದಿನ ಎರಡು ಡಿಸ್ಕುಗಳಿಗೆ ಹೋಯಿತು ಎನ್ನೋಣ. ಒಂದೊಂದು ಡಿಸ್ಕ್ 6 ಕೆ.ಜಿ. ಇದ್ದರೆ ಪ್ರತಿ ಸಲ ನಿಲ್ಲಿಸಿದಾಗ ಬಿಸಿ 56 ಡಿಗ್ರಿ ಏರುತ್ತದೆ, 9 ಕೆ.ಜಿ. ಇದ್ದರೆ ಸುಮಾರು 37 ಡಿಗ್ರಿ. ಪೇಟೆಯಲ್ಲಿ ಒಮ್ಮೆ ನಿಲ್ಲಿಸುವಾಗ ಈ ಅಂತರ ಗೊತ್ತಾಗುವುದಿಲ್ಲ. ರೇಸ್ ಟ್ರ್ಯಾಕಿನಲ್ಲಿ ತಿರುವಿನ ಮೇಲೆ ತಿರುವು ಬಂದು ಡಿಸ್ಕ್ ತಣಿಯಲು ಪುರುಸೊತ್ತು ಸಿಗದಿದ್ದಾಗ ಅದೇ ಅಂತರ ದೊಡ್ಡದಾಗುತ್ತದೆ. ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಘಾಟಿ ಇಳಿಯುವ ಲಾರಿಯ ಹಿಂದೆ ಹೋದವರಿಗೆ ಕಮಟು ವಾಸನೆ ಹೊಡೆದಿರುತ್ತದೆ. ಲೈನರ್ ಹಿಡಿತ ಕಳೆದುಕೊಳ್ಳತೊಡಗಿದೆ ಎಂದು ಅದರರ್ಥ.

ಡಿಸ್ಕ್ ಬ್ರೇಕ್ ಗೆದ್ದದ್ದರ ಹಿಂದೆಯೂ ಈ ಬಿಸಿಯೇ ಇದೆ. ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು. ಹೆಸರು ಬಂದದ್ದು 1953ರಲ್ಲಿ, ಡನ್ಲಪ್ ಡಿಸ್ಕ್ ಬ್ರೇಕ್ ಹಾಕಿದ ಜಾಗ್ವಾರ್ ಸಿ-ಟೈಪ್ ಲೆ ಮಾನ್ಸಿನ 24 ಗಂಟೆಗಳ ಓಟ ಗೆದ್ದಾಗ. ಡ್ರಮ್ ಬಿಸಿಯಾದರೆ ಹಿಗ್ಗಿ ಒಳಗಿನ ಶೂನಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ಡಿಸ್ಕ್ ಬಿಸಿಯಾದರೆ ದಪ್ಪವಾಗಿ ಪ್ಯಾಡಿನ ಕಡೆಗೇ ಬರುತ್ತದೆ. ಜೊತೆಗೆ ಎರಡೂ ಮುಖ ಗಾಳಿಗೆ ತೆರೆದಿರುತ್ತವೆ. ಎದುರಾಳಿಗಳು ತಿರುವಿಗೆ ಬಹಳ ಮೊದಲೇ ಬ್ರೇಕ್ ಒತ್ತಬೇಕಾಗಿದ್ದಾಗ ಜಾಗ್ವಾರ್ ಚಾಲಕರು ತಡವಾಗಿ ಒತ್ತಿ ಮುಂದೆ ಹೋದರು.

ಒಟ್ಟಿನಲ್ಲಿ 550 ಕೆ.ಜಿ. ಆಸುಪಾಸಿನ ಸೆವೆನ್ ಮಾದರಿಯ ಕಾರನ್ನು ರಸ್ತೆಯಲ್ಲಿ ಮಾತ್ರ ಓಡಿಸುವವರಿಗೆ ದೊಡ್ಡ ಡಿಸ್ಕ್ ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಒಳ್ಳೆಯ ಪ್ಯಾಡು, ಹೊಸ ಬ್ರೇಕ್ ಆಯಿಲ್, ಪೆಡಲ್ ಒತ್ತಿದಾಗ ಆ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಸರಿಯಾದ ಅಳತೆಯದು, ಇಷ್ಟಿದ್ದರೆ ಸಾಕು. ಚಕ್ರಕ್ಕೆ ಅಂಟಿಕೊಂಡ ಪ್ರತಿ ಕೆ.ಜಿ. ತೂಕವೂ ಸ್ಪ್ರಿಂಗಿನ ಕೆಳಗಿನ ತೂಕ. ಅದು ಏರಿದಷ್ಟೂ ಟೈರು ರಸ್ತೆಯ ಉಬ್ಬುತಗ್ಗಿಗೆ ಅಂಟಿಕೊಂಡು ಹೋಗುವುದು ಕಷ್ಟ. 13 ಇಂಚಿನ ಡಿಸ್ಕಿಗೆ ಸಾಮಾನ್ಯವಾಗಿ 17 ಇಂಚಿನ ರಿಮ್ಮೂ ಬೇಕಾಗುತ್ತದೆ, ಅದರ ತೂಕ ಬೇರೆ. ವಿ-8 ಕೂರಿಸಿದ ಕೋಬ್ರಾವನ್ನು ಟ್ರ್ಯಾಕಿಗೂ ಒಯ್ಯುವವರ ಮಾತು ಬೇರೆ. ಅವರು ಬದಲಾಯಿಸುವುದಾದರೆ ನಾಲ್ಕೂ ಚಕ್ರಗಳನ್ನು ಒಟ್ಟಿಗೆ ಲೆಕ್ಕ ಹಾಕಿ ಬದಲಾಯಿಸಬೇಕು. ಫೋರ್ಡ್ ತನ್ನ 1994ರಿಂದಾಚೆಯ ಮಸ್ಟಾಂಗ್ ಕೋಬ್ರಾ ಎಂಬ ಮಾದರಿಗೆ ಮುಂದೆ 13 ಇಂಚು, ಹಿಂದೆ 11.65 ಇಂಚಿನ ಡಿಸ್ಕ್ ಕೊಟ್ಟಿತ್ತು. ಕಿಟ್ ಕಟ್ಟುವವರು ಆ ಜೋಡಿಯನ್ನು ಇಷ್ಟಪಡಲು ಕಾರಣ, ಹಿಂದಿನ ಡ್ರಮ್ಮೂ ಅದರೊಂದಿಗೇ ಹೋಗುತ್ತದೆ.

ಮುಂದಿನ ಪ್ರಶ್ನೆ ಪೆಡಲ್ಲಿನದು. ಡೋನರ್ ಕಾರಿನಲ್ಲಿ ಕಾಲಿಗೆ ನೆರವಾಗಲು ವ್ಯಾಕ್ಯೂಮ್ ಬೂಸ್ಟರ್ ಇತ್ತು. ಕಿಟ್ ಕಾರಿನ ಇಕ್ಕಟ್ಟಿನಲ್ಲಿ ಆ ದೊಡ್ಡ ಡಬ್ಬಿಗೆ ಜಾಗ ಸಿಗುವುದು ಕಷ್ಟ. ರೇಸಿನ ಕ್ಯಾಮ್‌ಶಾಫ್ಟ್ ಹಾಕಿದ ಎಂಜಿನ್ ಸಾಕಷ್ಟು ವ್ಯಾಕ್ಯೂಮ್ ಕೊಡುವುದೂ ಇಲ್ಲ. ಬೂಸ್ಟರ್ ತೆಗೆದು ಹಳೆಯ ಮಾಸ್ಟರ್ ಸಿಲಿಂಡರನ್ನೇ ಉಳಿಸಿಕೊಂಡರೆ ಪೆಡಲ್ ಕಲ್ಲಿನಂತಾಗುತ್ತದೆ. ಇದಕ್ಕೆ ಉತ್ತರ ಚಿಕ್ಕ ವ್ಯಾಸದ ಸಿಲಿಂಡರ್. 30 ಕೆ.ಜಿ. ಬಲದಿಂದ ಪೆಡಲ್ ಒತ್ತಿದಿರಿ ಎನ್ನೋಣ. ಪೆಡಲ್ಲಿನ ಸನ್ನೆ 6ಕ್ಕೆ 1 ಇದ್ದರೆ ಆಚೆ ತುದಿಯಲ್ಲಿ 180 ಕೆ.ಜಿ. ಅದು ಮುಂದಿನ ಚಕ್ರಗಳಿಗೊಂದು, ಹಿಂದಿನವಕ್ಕೊಂದು ಎಂದು ಎರಡು ಮಾಸ್ಟರ್ ಸಿಲಿಂಡರುಗಳ ನಡುವೆ ತಲಾ 90 ಆಗಿ ಹಂಚಿಹೋಯಿತು. ಮುಕ್ಕಾಲು ಇಂಚಿನ ಸಿಲಿಂಡರಿನಲ್ಲಿ ಒತ್ತಡ ಪ್ರತಿ ಚದರ ಸೆಂ.ಮೀ.ಗೆ ಸುಮಾರು 32 ಕೆ.ಜಿ. ಏರುತ್ತದೆ. ಅದರ ಬದಲು 5/8 ಇಂಚಿನದು ಹಾಕಿದರೆ 45 ದಾಟುತ್ತದೆ. ಕಾಲು ಅದೇ, ಒತ್ತಡ ನೂರಕ್ಕೆ 44ರಷ್ಟು ಹೆಚ್ಚು. ಅಷ್ಟೇ ಆಯಿಲನ್ನು ತಳ್ಳಲು ಪೆಡಲ್ ಸಾಗಬೇಕಾದ ದೂರವೂ ನೂರಕ್ಕೆ 44ರಷ್ಟು ಹೆಚ್ಚು. ಒಂದನ್ನು ಬಿಟ್ಟು ಇನ್ನೊಂದು ಸಿಗುವುದಿಲ್ಲ. ದೊಡ್ಡ ಪಿಸ್ಟನ್ನಿನ ಕ್ಯಾಲಿಪರಿಗೆ ತೀರಾ ಚಿಕ್ಕ ಮಾಸ್ಟರ್ ಸಿಲಿಂಡರ್ ಜೋಡಿಸಿದವರ ಪೆಡಲ್ ನೆಲ ಮುಟ್ಟುವುದು ಇದಕ್ಕೇ.

ಎರಡು ಸಿಲಿಂಡರುಗಳ ನಡುವೆ ಇರುವ ಅಡ್ಡಪಟ್ಟಿಯೇ ಬ್ಯಾಲೆನ್ಸ್ ಬಾರ್. ಪೆಡಲ್ ಅದರ ನಡುವಿನ ಬೇರಿಂಗನ್ನು ತಳ್ಳುತ್ತದೆ, ಬಾರಿನ ಎರಡು ತುದಿಗಳು ಎರಡು ಸಿಲಿಂಡರುಗಳನ್ನು ತಳ್ಳುತ್ತವೆ. ಬೇರಿಂಗ್ ಯಾವ ತುದಿಯ ಹತ್ತಿರ ಸರಿಯುತ್ತದೋ ಆ ಕಡೆಗೆ ಹೆಚ್ಚು ಪಾಲು. 68ಕ್ಕೆ 32ರ ಹಂಚಿಕೆಯನ್ನು ಕೈಯಿಂದ ಹೊಂದಿಸಲು ಇಷ್ಟು ಸರಳವಾದ ಉಪಾಯ ಇನ್ನೊಂದಿಲ್ಲ. ಆದರೆ ಪಿಸ್ಟನ್, ಸಿಲಿಂಡರುಗಳ ಅಳತೆಯಲ್ಲೇ ಹಂಚಿಕೆ ಹೆಚ್ಚುಕಡಿಮೆ ಸರಿಬಂದಿರಬೇಕು. ಬಾರ್ ಇರುವುದು ಕೊನೆಯ ಕೂದಲೆಳೆಯ ತಿದ್ದುಪಡಿಗೆ.

ಜೋಡಣೆಯ ಕೆಲಸ ತಾಳ್ಮೆಯದು. ಕಾರು ಜಾಕಿನ ಮೇಲಲ್ಲ, ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಂತಿರಬೇಕು. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಂತೆ ಬಳಿದ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ಪೂರ್ತಿ ತೊಳೆಯಬೇಕು. ಹಬ್ಬಿನ ಮುಖದ ಮೇಲಿನ ತುಕ್ಕನ್ನು ಉಜ್ಜಿ ತೆಗೆಯದೆ ಡಿಸ್ಕ್ ಕೂರಿಸಿದರೆ ಅದು ಓರೆಯಾಗಿ ತಿರುಗುತ್ತದೆ. ಅಂಚಿಗೆ ಡಯಲ್ ಗೇಜ್ ಹಿಡಿದು ಒಂದು ಸುತ್ತು ತಿರುಗಿಸಿದಾಗ ಮುಳ್ಳು 0.1 ಮಿ.ಮೀ.ಗಿಂತ ಹೆಚ್ಚು ಅಲುಗಿದರೆ ಮತ್ತೆ ಬಿಚ್ಚಿ ನೋಡುವುದೇ ಸರಿ. ಹಳೆಯ ಒಂಟಿ ಪಿಸ್ಟನ್ ಕ್ಯಾಲಿಪರ್ ಪಿನ್ನಿನ ಮೇಲೆ ಜಾರಿ ತನ್ನ ಜಾಗ ತಾನೇ ಕಂಡುಕೊಳ್ಳುತ್ತಿತ್ತು. ಹೊಸದು ಸ್ಥಿರವಾಗಿ ನಿಲ್ಲುವಂಥದ್ದು. ಆದ್ದರಿಂದ ಬ್ರಾಕೆಟ್ಟಿನ ಹಿಂದೆ ತೆಳ್ಳನೆಯ ವಾಷರುಗಳನ್ನು ಒಂದೊಂದಾಗಿ ಸೇರಿಸಿ, ತೆಗೆದು, ಡಿಸ್ಕ್ ನಟ್ಟನಡುವೆ ಬರುವಂತೆ ಮಾಡಬೇಕು.

ಪೈಪುಗಳಲ್ಲಿ ಒಂದು ಅಪಾಯವಿದೆ, ಅದನ್ನು ಬಿಡಿಸಿ ಹೇಳಲೇಬೇಕು. ಅಮೆರಿಕದ ಬ್ರೇಕ್ ಪೈಪಿನ ನಟ್ಟುಗಳಲ್ಲಿ 3/8 ಇಂಚಿನ, ಇಂಚಿಗೆ 24 ಸುತ್ತಿನ ಮರೆ (ಥ್ರೆಡ್) ಸಾಮಾನ್ಯ. ಯುರೋಪಿನ ಭಾಗಗಳಲ್ಲಿ 10 ಮಿ.ಮೀ. ವ್ಯಾಸದ, 1 ಮಿ.ಮೀ. ಅಂತರದ ಮರೆ. ಕಣ್ಣಿಗೆ ಎರಡೂ ಒಂದೇ. 3/8 ಇಂಚು ಎಂದರೆ 9.5 ಮಿ.ಮೀ., ಹಾಗಾಗಿ ಅದು 10 ಮಿ.ಮೀ. ತೂತಿನೊಳಗೆ ಸಡಿಲವಾಗಿ ಹೋಗುತ್ತದೆ, ಕೊನೆಗೆ ಬಿಗಿಯಾದಂತೆಯೂ ಅನ್ನಿಸುತ್ತದೆ. ಪೆಡಲನ್ನು ಜೋರಾಗಿ ತುಳಿದ ದಿನ ಮರೆ ಕಿತ್ತು ಬರಬಹುದು. ಪೈಪಿನ ತುದಿಯನ್ನು ಅರಳಿಸುವ ರೀತಿಯೂ ಎರಡು ಕಡೆ ಬೇರೆ ಬೇರೆ, ಒಂದರ ತುದಿ ಇನ್ನೊಂದರ ಗುಣಿಗೆ ಕೂರುವುದಿಲ್ಲ. ಹಲವು ದೇಶಗಳ ಭಾಗಗಳು ಒಂದೇ ಕಾರಿನಲ್ಲಿ ಸೇರುವ ಕಿಟ್‌ಗಳಲ್ಲಿ ಪ್ರತಿ ನಟ್ಟನ್ನೂ ಮರೆ ಅಳೆಯುವ ಗೇಜಿನಿಂದ ನೋಡಿಯೇ ಹಾಕಬೇಕು. ಚಕ್ರದ ಬಳಿಯ ಹೋಸಿಗೂ ಅಷ್ಟೇ ಗಮನ ಬೇಕು. ಸ್ಟೇರಿಂಗನ್ನು ಎಡ ಬಲ ತುದಿಯವರೆಗೆ ತಿರುಗಿಸಿ, ಚಕ್ರವನ್ನು ಪೂರ್ತಿ ಇಳಿಬಿಟ್ಟು, ಪೂರ್ತಿ ಎತ್ತಿ, ಅದು ಎಲ್ಲೂ ಎಳೆಯುವುದಿಲ್ಲ, ಉಜ್ಜುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ತಾಮ್ರದ ವಾಷರುಗಳನ್ನು ಮರುಬಳಸಬಾರದು.

ನಂತರ ಏರ್ ತೆಗೆಯುವುದು. ಆಯಿಲ್ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಒಂದು ಸಣ್ಣ ಗುಳ್ಳೆ ಸಿಕ್ಕಿಕೊಂಡರೂ ಪೆಡಲ್ ಸ್ಪಂಜಿನಂತಾಗುತ್ತದೆ. ಒಬ್ಬರು ಪೆಡಲ್ ಮೇಲೆ, ಇನ್ನೊಬ್ಬರು ಚಕ್ರದ ಹತ್ತಿರ ಸ್ಪ್ಯಾನರ್ ಹಿಡಿದು. “ಒತ್ತು... ಹಿಡ್ಕೋ... ಬಿಡು” ಎಂದು ನಮ್ಮ ಗ್ಯಾರೇಜುಗಳಲ್ಲಿ ಕೇಳಿಸುವ ಕ್ರಮವೇ ಅಲ್ಲಿಯೂ ನಡೆಯುತ್ತದೆ. ಕ್ಯಾಲಿಪರಿನ ಏರ್ ತೆಗೆಯುವ ನಿಪ್ಪಲಿಗೆ ಸಿಕ್ಕಿಸಿದ ಪಾರದರ್ಶಕ ಪೈಪಿನಲ್ಲಿ ಮೊದಲು ದೊಡ್ಡ ಗುಳ್ಳೆಗಳು, ಆಮೇಲೆ ನೊರೆ, ಕೊನೆಗೆ ತಿಳಿಯಾದ ಆಯಿಲ್ ಬರುತ್ತದೆ. ಎಷ್ಟು ಸಲ ತೆಗೆದರೂ ಪೆಡಲ್ ಗಟ್ಟಿಯಾಗದಿದ್ದರೆ ಕ್ಯಾಲಿಪರನ್ನು ನೋಡಬೇಕು. ಎಡದ್ದನ್ನು ಬಲಕ್ಕೆ ಹಾಕಿದ್ದರೆ ನಿಪ್ಪಲ್ ಕೆಳಗೆ ಬಂದಿರುತ್ತದೆ. ಗಾಳಿ ಮೇಲಕ್ಕೇ ಹೋಗುವುದರಿಂದ ಅದು ಎಂದಿಗೂ ಆಚೆ ಬರುವುದಿಲ್ಲ.

ಆಯಿಲ್ ಆರಿಸುವಾಗ ನೋಡಬೇಕಾದದ್ದು ಕುದಿಬಿಂದು. ಡಾಟ್ 3 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ, ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತಾಳಬೇಕು. ಇವು ಗಾಳಿಯಲ್ಲಿನ ತೇವವನ್ನು ಹೀರುತ್ತವೆ. ತೇವ ಹೀರಿದ ಮೇಲಿನ ಮಿತಿ 140 ಮತ್ತು 155ಕ್ಕೆ ಇಳಿಯುತ್ತದೆ. ಕ್ಯಾಲಿಪರಿನೊಳಗೆ ಆಯಿಲ್ ಕುದಿದರೆ ಆವಿಯ ಗುಳ್ಳೆಯಾಗಿ ಪೆಡಲ್ ಒಮ್ಮೆಲೇ ನೆಲಕ್ಕೆ ಹೋಗುತ್ತದೆ. ಸಾವಿರಾರು ಡಾಲರ್ ಕ್ಯಾಲಿಪರಿಗೆ ಸುರಿದು ಮೂರು ವರ್ಷದ ಹಳೆಯ ಆಯಿಲ್ ಉಳಿಸಿಕೊಳ್ಳುವುದು ಅರ್ಥವಿಲ್ಲದ ಉಳಿತಾಯ. ಡಾಟ್ 5 ಸಿಲಿಕೋನಿನದು, ಉಳಿದವುಗಳ ಜೊತೆ ಬೆರೆಸಬಾರದು. ಹೆಸರು ಹತ್ತಿರವಾದರೂ ಡಾಟ್ 5.1 ಬೇರೆ, ಅದು ಡಾಟ್ 4ರ ಜಾತಿಯದೇ.

ಹ್ಯಾಂಡ್‌ಬ್ರೇಕನ್ನು ಎಲ್ಲರೂ ಕೊನೆಗೆ ನೆನಪಿಸಿಕೊಳ್ಳುತ್ತಾರೆ. ರೇಸಿಗೆಂದು ಮಾಡಿದ ಹಿಂದಿನ ಕ್ಯಾಲಿಪರುಗಳಲ್ಲಿ ಅದಕ್ಕೆ ವ್ಯವಸ್ಥೆ ಇಲ್ಲದಿರುವುದೇ ಹೆಚ್ಚು. ಕೇಬಲ್ಲಿನಿಂದ ಹಿಡಿಯುವ ಪುಟ್ಟ ಎರಡನೇ ಕ್ಯಾಲಿಪರ್ ಹಾಕಬೇಕಾಗುತ್ತದೆ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಕಾರು ರಸ್ತೆಗಿಳಿಯುವ ಮುಂಚೆ ಸರ್ಕಾರಿ ತಪಾಸಣೆ ದಾಟಬೇಕು. ಹಿಂದಿನ ಚಕ್ರ ಮುಂದಿನದಕ್ಕಿಂತ ಮೊದಲು ಲಾಕ್ ಆಗಬಾರದು, ಬ್ಯಾಲೆನ್ಸ್ ಬಾರ್ ಮತ್ತೆ ತಿರುಗಿಸಲಾಗದಂತೆ ಭದ್ರವಾಗಿರಬೇಕು. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಕಾರು ಬುಗುರಿಯಾಗುತ್ತದೆ, ಅದಕ್ಕೇ ಈ ಹಟ.

ನಮ್ಮಲ್ಲಿ ಈ ಹವ್ಯಾಸಕ್ಕೆ ರಸ್ತೆಯ ಬಾಗಿಲು ಮುಚ್ಚಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮತ್ತು 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪು, ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎನ್ನುತ್ತವೆ. ಆದರೆ ಈ ಲೆಕ್ಕವನ್ನು ಕೈಯಾರೆ ಮಾಡುವ ಹುಡುಗ ಹುಡುಗಿಯರು ಕರ್ನಾಟಕದಲ್ಲಿದ್ದಾರೆ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ತಂಡದಂಥ ವಿದ್ಯಾರ್ಥಿ ತಂಡಗಳು ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಿಗೆ ಕಾರನ್ನು ತಳದಿಂದ ತಾವೇ ಕಟ್ಟುತ್ತವೆ. ಅಲ್ಲಿನ ನಿಯಮ ಕಠಿಣ: ಎರಡು ಸ್ವತಂತ್ರ ಹೈಡ್ರಾಲಿಕ್ ಮಾರ್ಗಗಳಿರಬೇಕು, ಪೆಡಲ್ 2000 ನ್ಯೂಟನ್ ಬಲ ತಾಳಬೇಕು, ಪರೀಕ್ಷೆಯಲ್ಲಿ ನಾಲ್ಕೂ ಚಕ್ರ ಲಾಕ್ ಆಗಿ ಕಾರು ನೇರವಾಗಿ ನಿಲ್ಲಬೇಕು. ಅದಾಗುವವರೆಗೆ ಓಟದ ಸ್ಪರ್ಧೆಗಳಿಗೆ ಪ್ರವೇಶವಿಲ್ಲ. ಬ್ಯಾಲೆನ್ಸ್ ಬಾರನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಸಾಲಿನಲ್ಲಿ ನಿಲ್ಲುವ ಆ ತಂಡಗಳನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಎಲ್ಲ ಜೋಡಿಸಿದ ಮೇಲೆ ಮೊದಲ ಪರೀಕ್ಷೆ ಕಾರು ನಿಂತಲ್ಲೇ. ಪೆಡಲನ್ನು ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಿಡಿದಾಗ ಅದು ನಿಧಾನವಾಗಿ ಕುಸಿಯಬಾರದು. ಇನ್ನೊಬ್ಬರು ಟಾರ್ಚ್ ಹಿಡಿದು ಪ್ರತಿ ಜಾಯಿಂಟನ್ನೂ ನೋಡಬೇಕು. ನಂತರ ಪ್ಯಾಡನ್ನು ಡಿಸ್ಕಿಗೆ ಪಳಗಿಸುವ ಕೆಲಸ. ಖಾಲಿ ಜಾಗದಲ್ಲಿ ಮೊದಲು ಕಡಿಮೆ ವೇಗದಿಂದ ಮೆತ್ತಗೆ, ಆಮೇಲೆ ಹೆಚ್ಚಿನ ವೇಗದಿಂದ ಜೋರಾಗಿ ಹಲವು ಸಲ ವೇಗ ತಗ್ಗಿಸುತ್ತ ಹೋಗುವುದು. ಪೂರ್ತಿ ನಿಲ್ಲಿಸಬಾರದು. ಬಿಸಿ ಡಿಸ್ಕನ್ನು ಪ್ಯಾಡು ಒಂದೇ ಕಡೆ ಕಚ್ಚಿ ಹಿಡಿದರೆ ಅಲ್ಲಿ ಪ್ಯಾಡಿನ ವಸ್ತು ಮೆತ್ತಿಕೊಂಡು ಮುಂದೆ ಪೆಡಲ್ ಅದುರುತ್ತದೆ. ಸರಿಯಾಗಿ ಪಳಗಿದ ಡಿಸ್ಕಿನ ಮೇಲೆ ಒಂದೇ ಸಮನಾದ ನೀಲಿಬೂದು ಪೊರೆ ಕೂರುತ್ತದೆ.

ಕಡೆಗೆ ಒದ್ದೆ ನೆಲದ ಮೇಲೆ ಒಮ್ಮೆ ನೋಡಬೇಕು. ಒದ್ದೆಯಲ್ಲಿ ಹಿಡಿತ ಅರ್ಧಕ್ಕಿಳಿದರೆ ಸರಿಯುವ ಭಾರವೂ ಅರ್ಧ. ಅದೇ ಕೋಬ್ರಾದಲ್ಲಿ ಆಗ ಮುಂದೆ 58, ಹಿಂದೆ 42. ಒಣ ನೆಲಕ್ಕೆ ಹೊಂದಿಸಿದ ಬಾರ್ ಒದ್ದೆಯಲ್ಲಿ ಹಿಂದಿನ ಚಕ್ರಕ್ಕೆ ಕಡಿಮೆಯನ್ನೇ ಕೊಡುತ್ತದೆ, ಅದು ಸುರಕ್ಷಿತ ದಿಕ್ಕು. ಕಾರಿನ ಹೊರಗೆ ನಿಂತು ಗಮನಿಸುವವರೊಬ್ಬರು ಬೇಕು, ಯಾವ ಚಕ್ರ ಮೊದಲು ನಿಂತಿತು ಎಂದು ಒಳಗೆ ಕೂತವರಿಗೆ ಸರಿಯಾಗಿ ತಿಳಿಯುವುದಿಲ್ಲ. ನೂರು ಕಿ.ಮೀ. ಓಡಿಸಿದ ಮೇಲೆ ಚಕ್ರ ಕಳಚಿ ಬೋಲ್ಟುಗಳನ್ನು ಟಾರ್ಕ್ ಸ್ಪ್ಯಾನರಿನಿಂದ ಮತ್ತೆ ಪರೀಕ್ಷಿಸಿ, ಪ್ಯಾಡುಗಳು ಓರೆಯಾಗಿ ಸವೆದಿವೆಯೇ ನೋಡಬೇಕು. ಹಿಂದಿನ ಡಿಸ್ಕಿನ ಮೇಲೆ ತುಕ್ಕಿನ ಗೆರೆಗಳು ಇನ್ನೂ ಉಳಿದಿದ್ದರೆ ಆ ಚಕ್ರಗಳಿಗೆ ಸಾಕಷ್ಟು ಕೆಲಸ ಸಿಗುತ್ತಿಲ್ಲ ಎಂದರ್ಥ. ಬ್ಯಾಲೆನ್ಸ್ ಬಾರನ್ನು ಅರ್ಧ ಸುತ್ತು ಹಿಂದಿನ ಕಡೆಗೆ ತಿರುಗಿಸಿ, ಯಾವ ಚಕ್ರ ಮೊದಲು ಲಾಕ್ ಆಗುತ್ತದೆ ಎಂಬ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕು.